ಕೇದಾರಿಯ ಫ್ರೆಂಚು, ಯಮನವ್ವನ ಎಮ್ಮೆ

ಗೋಕಾಕದ ಪೇಟೆಯಲ್ಲಿ ಹಗ್ಗ, ಕಣ್ಣಿ, ಗೆಜ್ಜೆಸರ ಮಾರಿಕೊಂಡು ನೆಟ್ಟಗೆ ಸಂಸಾರ ಮಾಡಿಕೊಂಡಿದ್ದ ಕೇದಾರಿಗೆ ಫ್ರೆಂಚ್ ಕಲಿಯುವ ಬುದ್ಧಿ ಬಂದದ್ದು ಹೆಂಡತಿಯ ತಮ್ಮನ ದೆಸೆಯಿಂದ. ಈ ತಮ್ಮ ಹುಕ್ಕೇರಿಯ ರಾಜಪ್ಪ. ಬೆಳಗಾವಿಯಲ್ಲಿ ಇಂಗ್ಲಿಷ್ ಶಾಲೆಯ ನಾಲ್ಕನೆಯ ಇಯತ್ತೆಯನ್ನು ಮುಟ್ಟಿ ಬಂದವನು. ಮುಟ್ಟಿದ್ದನೇ ಹೊರತು ದಾಟಿರಲಿಲ್ಲ. ಆದರೆ ಜರದ ಅಂಚಿನ ರುಮಾಲು ಸುತ್ತಿಕೊಂಡು ಅವನು ನಡೆಯುವ ಠೀವಿ ನೋಡಿದರೆ ವಿಲಾಯತಿಯನ್ನೇ ದಾಟಿ ಬಂದವನೆಂದು ಯಾರಾದರೂ ನಂಬಬೇಕು.

ಗೋಕಾಕಕ್ಕೆ ಬಂದಾಗಲೆಲ್ಲ ರಾಜಪ್ಪ ಕೇದಾರಿಯನ್ನು ಹನಮಂತನ ಚಹಾದಂಗಡಿಗೆ ಕರೆದೊಯ್ಯುವನು. ಚಹಾ ಕುಡಿದು, ಕಾಲ ಮೇಲೆ ಕಾಲು ಹಾಕಿ, "ಬಿಲ್ ಪ್ಲೀಜ್" ಅನ್ನುವನು. ಹನಮಂತನ ಅಂಗಡಿಯಲ್ಲಿ ಬಿಲ್ಲೆಂಬ ವಸ್ತುವೇ ಇರಲಿಲ್ಲ. ಆದರೂ ಆ ಶಬ್ದ ಕಿವಿಗೆ ಬಿದ್ದೊಡನೆ ಅವನು ಎದ್ದು ನಿಂತು, ಹೆಗಲ ಮೇಲಿನ ಪಂಜೆಯಿಂದ ಕೈ ಒರೆಸಿಕೊಂಡು, ರಾಜಪ್ಪನ ಹತ್ತಿರ ಬಂದು ಬಗ್ಗಿ ಲೆಕ್ಕ ಹೇಳುವನು. ಅದೇ ಕೇದಾರಿ "ಎಷ್ಟಾತೋ ಹನಮಂತಾ?" ಎಂದರೆ ಕೂತಲ್ಲಿಂದಲೇ ಬೆರಳು ತೋರಿಸುವನು. ಇದು ಕೇದಾರಿಯ ಮನಸ್ಸಿಗೆ ಬಹಳ ಹತ್ತಿತು. ಒಂದೇ ಚಹಾ, ಒಂದೇ ಬೆಲೆ, ಮರ್ಯಾದೆ ಮಾತ್ರ ಬೇರೆ ಬೇರೆ!

ಈಗಿನಿಂದ ಇಂಗ್ಲಿಷ್ ಕಲಿತರೆ ರಾಜಪ್ಪನನ್ನು ಹಿಂದೆ ಹಾಕುವುದು ಯಾವಾಗ? ಈ ಚಿಂತೆಯಲ್ಲಿದ್ದಾಗಲೇ ಅಂಕಲಗಿಯ ಬೀರಸಿದ್ದಪ್ಪ ಕುರಿ ಕಟ್ಟುವ ಹಗ್ಗ ಕೊಳ್ಳಲು ಅಂಗಡಿಗೆ ಬಂದ. ಅವನು ದೊಡ್ಡ ಯುದ್ಧದಲ್ಲಿ ಹೇಸರಗತ್ತೆ ಕಾಯುವ ಕೆಲಸಕ್ಕೆ ಸೇರಿ, ಫ್ರಾನ್ಸಿಗೆ ಹೋಗಿ, ಕೈಕಾಲು ಸಮನಾಗಿ ತಿರುಗಿ ಬಂದವನು.

"ಅಲ್ಲಿ ಇಂಗ್ಲಿಷ ನಡೀತೈತೇನೋ?" ಎಂದು ಕೇದಾರಿ ಕೇಳಿದ.

"ಎಲ್ಲಿ ನಡೀತೈತ್ರಿ ಸಾವಕಾರ! ಆ ಮಂದೀದು ಫ್ರೆಂಚ. ಇಂಗ್ಲಿಷ ಅಂದ್ರ ಮಾರಿ ಸೊಟ್ಟ ಮಾಡ್ತಾರ."

ಇಂಗ್ಲಿಷಿಗೆ ಮುಖ ಸೊಟ್ಟ ಮಾಡುವ ಭಾಷೆಯೊಂದು ಭೂಮಿಯ ಮೇಲಿದೆ ಎಂದು ತಿಳಿದ ಕ್ಷಣ ಕೇದಾರಿಯ ಮುಖ ಅರಳಿತು. ಅಲ್ಲಿಯೇ ವ್ಯಾಪಾರ ಕುದುರಿತು. ಒಂದು ಮಾತಿಗೆ ಒಂದು ಹಗ್ಗ. ಬೀರಸಿದ್ದಪ್ಪ ಮೂಟೆಯ ಮೇಲೆ ಕೂತು ಪಾಠ ಶುರು ಮಾಡಿದ.

"ಕೊಂಬ್ಯಾಂ. ಅಂದ್ರ ಎಷ್ಟು ಅಂತ. ಅಂಗಡ್ಯಾಗ ಮದ್ಲ ಇದನ್ನ ಕೇಳಬೇಕು. ಸೆ ತ್ರೋ ಶೇರ್, ಅಂದ್ರ ಭಾಳ ತುಟ್ಟಿ ಆತು. ಲಾದಿಸ್ಯೋಂ, ಸಿಲ್ ವು ಪ್ಲೆ, ಅಂದ್ರ ತಿಂದದ್ದರ ಲೆಕ್ಕಾ ಹೇಳ್ರಿ. ಗಾರ್ದೆ ಲಾ ಮೊನೆ, ಅಂದ್ರ ಚಿಲ್ಲರ ನೀವ ಇಟ್ಕೋರಿ. ಇದನ್ನ ಪಗಾರ ಆದ ದಿವಸ ಅಷ್ಟ ಅನ್ನೂದು."

"ಮತ್ತ ಹೆಂಗದೀರಿ, ಎಲ್ಲಿಗೆ ಹೊಂಟೀರಿ, ಮಕ್ಕಳೆಷ್ಟು, ಇದಕ್ಕೆಲ್ಲಾ ಏನಂತಾರ?"

"ಅದನ್ನ ಯಾಂವ ಕೇಳ್ತಿದ್ದ ಬಿಡ್ರಿ. ನಾವು ಅಂಗಡಿಗೆ ಹೋಗೂದು, ತಿನ್ನೂದು, ರೊಕ್ಕಾ ಕೊಡೂದು, ಬರೂದು. ಉಳಿದದ್ದೆಲ್ಲಾ ಹೇಸರಗತ್ತಿ ಜೋಡಿ ಕನ್ನಡದಾಗ ಮಾತಾಡ್ತಿದ್ದೆ."

ಹೀಗೆ ಕೇದಾರಿಯ ಫ್ರೆಂಚ್ ವಿದ್ಯಾಭ್ಯಾಸ ಹಗ್ಗದ ಮೂಟೆಯ ಮೇಲೆಯೇ ಮುಗಿಯಿತು. ನಮಸ್ಕಾರಕ್ಕೆ "ಬೊಂಜೂರ್" ಅನ್ನಬೇಕೆಂದು ಬೀರಸಿದ್ದಪ್ಪ ಕೊಸರು ಹಾಕಿದ. ಅದಕ್ಕೆ ಹಗ್ಗ ಕೇಳಲಿಲ್ಲ.

ಮುಂದೆ ರಾಜಪ್ಪ ಬಂದಾಗ ಕೇದಾರಿಯೇ ಅವನನ್ನು ಚಹಾದಂಗಡಿಗೆ ಎಳೆದುಕೊಂಡು ಹೋದ. ಚಹಾ ಕುಡಿದು, ರಾಜಪ್ಪ ಬಾಯಿ ತೆರೆಯುವುದರೊಳಗೆ, ಅಂಗಡಿಯ ತಗಡು ನಡುಗುವಂತೆ ಕೂಗಿದ: "ಲಾದಿಸ್ಯೋಂ, ಸಿಲ್ ವು ಪ್ಲೆ!"

ಹನಮಂತ ಎದ್ದು ನಿಂತದ್ದಷ್ಟೇ ಅಲ್ಲ, ತಲೆಯ ಮೇಲಿನ ಟೊಪ್ಪಿಗೆಯನ್ನೂ ತೆಗೆದ. ಅಂಗಡಿಯಲ್ಲಿದ್ದವರು ಕಪ್ಪು ಬಸಿ ಕೆಳಗಿಟ್ಟರು. ರಾಜಪ್ಪನ ಮುಖ ಸಣ್ಣದಾಯಿತು.

"ಇದ್ಯಾವ ಭಾಷಾರಿ ಮಾವಾರ?"

"ಫ್ರೆಂಚ."

"ಬಾಯಿಗೆ ಬಂದದ್ದ ಒದರಿ ಫ್ರೆಂಚ ಅಂದ್ರ ನಾ ನಂಬಬೇಕೇನ? ಪಣಾ ಕಟ್ರಿ. ಖರೇ ಫ್ರೆಂಚ ಸಾಹೇಬನ ಮುಂದ ನೀವು ಮಾತಾಡಿ, ಅವಂಗ ತಿಳೀತಂದ್ರ ಈ ನನ್ನ ರುಮಾಲ ನಿಮ್ಮ ತೆಲಿಗೆ. ತಿಳೀಲಿಲ್ಲ ಅಂದ್ರ ನಮ್ಮ ಮನಿಯಿಂದ ಬಂದ ಎಮ್ಮಿ ತಿರುಗಿ ನಮ್ಮ ಗ್ವಾದಲಿಗೆ."

ಗೋಕಾಕಕ್ಕೆ ಫ್ರೆಂಚ್ ಸಾಹೇಬ ಬರುವುದು ಉಂಟೇ? ಕೇದಾರಿ ನಿಶ್ಚಿಂತೆಯಿಂದ ರಾಜಪ್ಪನ ಕೈಮೇಲೆ ಕೈ ಬಡಿದ. ಎಮ್ಮೆಯ ವಿಷಯವನ್ನು ಮನೆಯಲ್ಲಿ ಹೇಳಬೇಕಾಗಿತ್ತು. ಹೇಳಲಿಲ್ಲ. ಹೆಂಡತಿ ಯಮನವ್ವ ಆ ಎಮ್ಮೆಯನ್ನು ತವರಿನಲ್ಲಿ ಕರುವಾಗಿದ್ದಾಗಿನಿಂದ ಕೈಯಾರೆ ಹುಲ್ಲು ತಿನ್ನಿಸಿ ಸಾಕಿದವಳು. ಮಗಳ ಪ್ರೀತಿ ನೋಡಿ ತಾಯಿ ಲಕ್ಕವ್ವ ಅದನ್ನು ಅವಳ ಜೊತೆಗೇ ಕಳಿಸಿಕೊಟ್ಟಿದ್ದಳು. ಈಗ ಅದಕ್ಕೂ ಒಂದು ಕರು. ಹಗ್ಗದ ವ್ಯಾಪಾರ ಮಲಗಿದಾಗ ಮನೆ ನಡೆಯುತ್ತಿದ್ದದ್ದು ಅದರ ಹಾಲು ತುಪ್ಪದ ಮೇಲೆ.

ಕೆಲವು ದಿನಗಳ ಮೇಲೆ ಕಚೇರಿಯ ಸಿಪಾಯಿ ಕೇದಾರಿಯ ಮನೆ ಕೇಳಿಕೊಂಡು ಓಣಿಗೆ ಬಂದ. ಬಾಜೂ ಮನೆಯ ಉದ್ದವ್ವನಿಗೆ ಅಷ್ಟು ಸಾಕಾಯಿತು.

"ಯಮನವ್ವಾ! ನಿನ್ನ ಗಂಡ ಚಾದಂಗಡ್ಯಾಗ ಜರ್ಮನ್ ಭಾಷಾ ಮಾತಾಡ್ಯಾನಂತ, ಹಿಡ್ಯಾಕ ಬಂದಾರ!"

"ಜರ್ಮನ್ ಅಲ್ಲ, ಫ್ರೆಂಚ!" ಎಂದು ಹಗ್ಗದ ಮೂಟೆಗಳ ಹಿಂದಿನಿಂದ ಕೇದಾರಿಯ ಧ್ವನಿ ಬಂತು. ಹೀಗೆ ಅವನು ಅಡಗಿಕೊಂಡ ಜಾಗ ಸಿಪಾಯಿಗೆ ಹುಡುಕದೆಯೇ ಸಿಕ್ಕಿತು.

ಕಚೇರಿಯಲ್ಲಿ ಹಿರಿಯ ಕಾರಕೂನರಾದ ಅಣ್ಣಾಸಾಹೇಬರು ಚಾಳೀಸು ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದರು. ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ಅಳೆಯಲು ಒಬ್ಬ ಫ್ರೆಂಚ್ ಸಾಹೇಬ ಸಂಕೇಶ್ವರದ ಮೇಲಿಂದ ಮೋಟಾರಿನಲ್ಲಿ ಬರುವವನಿದ್ದ. ಅವನ ದುಭಾಷಿ ಕೊಲ್ಲಾಪುರದಲ್ಲಿ ಜ್ವರ ಬಂದು ಮಲಗಿದ್ದ. ಸಾಹೇಬನಿಗೆ ಯಾವ ತೊಂದರೆಯೂ ಆಗಬಾರದೆಂದು ಮೇಲಿನಿಂದ ಹುಕುಂ ಬಂದಿತ್ತು.

"ಫ್ರೆಂಚ ಬಲ್ಲವರು ನೀವ ಏನ್ರಿ?"

"ಸಾಹೇಬ್ರ, ನನಗ ಬರೂದು ಭಾಳ ಅಂದ್ರ ಭಾಳ ಕಡಿಮಿ..."

"ಕಲಿತವರು ಹಿಂಗ ಅನ್ನೂದು. ನಮ್ಮ ಕಚೇರ್ಯಾಗ ಏನೂ ಬರದವರು ಎಲ್ಲಾ ಬರ್ತೈತಿ ಅಂತಾರ. ನಿಮ್ಮ ವಿನಯ ಕಂಡು ಸಂತೋಷ ಆತು."

"ಖರೇನ ಬರಾಂಗಿಲ್ರೀ!"

"ಸಾಕ್ರಿ ವಿನಯ. ಊಟದ ವ್ಯವಸ್ಥಾ ಹುಕ್ಕೇರ್ಯಾಗ ರಾಜಪ್ಪನ ಮನ್ಯಾಗ. ದೊಡ್ಡ ಪಡಸಾಲಿ ಐತಿ. ಅಂವ ತಾನಾಗಿ ಬಂದು, 'ದುಭಾಷಿ ನಮ್ಮ ಮಾವಾರ, ಊಟಾ ನಮ್ಮ ಮನ್ಯಾಗ ಆಗಲಿ' ಅಂತ ಕೇಳ್ಕೊಂಡಾನ."

ಕೇದಾರಿ ಮನೆಗೆ ಬರುವಷ್ಟರಲ್ಲಿ ಪಣದ ಸುದ್ದಿ ಉದ್ದವ್ವನ ಬಾಯಿಂದ ಯಮನವ್ವನ ಕಿವಿ ಸೇರಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಎಮ್ಮೆಯ ಮೈ ತಿಕ್ಕುತ್ತಲೇ ಹೇಳಿದಳು: "ಎಮ್ಮಿ ಹುಕ್ಕೇರಿಗೆ ಹೋತಂದ್ರ ನಾನೂ ಅದರ ಜೋಡಿ ಅಲ್ಲೇ ಉಳೀತೀನಿ. ನೀವು ಇಲ್ಲಿ ದಿನಾ ಒಂದ ತಂಬಿಗಿ ಫ್ರೆಂಚ ಕಾಸಿ ಕುಡ್ಕೊಂಡ ಇರ್ರಿ."

ಪಣದ ವಸ್ತು ಕಣ್ಣೆದುರಿಗೇ ಇರಬೇಕೆಂದು ರಾಜಪ್ಪ ಹೇಳಿ ಕಳಿಸಿದ್ದ. ಹಾಗಾಗಿ ಎಮ್ಮೆ, ಕರು, ತಾಯಿಗೆಂದು ಒಂದು ಚೀಲ ಕರದಂಟು, ಇವುಗಳೊಂದಿಗೆ ಗಂಡಹೆಂಡಿರು ಬಂಡಿ ಹೂಡಿ ಹುಕ್ಕೇರಿ ಮುಟ್ಟಿದರು. ದಾರಿಯುದ್ದಕ್ಕೂ ಕೇದಾರಿ ತನ್ನ ಫ್ರೆಂಚನ್ನು ತಿರುಗಾಮುರುಗಾ ಬಾಯಿಪಾಠ ಮಾಡಿದ. ಎತ್ತುಗಳು ಕಿವಿ ನಿಗುರಿಸಿ ಕೇಳಿದವು. ಯಮನವ್ವ ಕೇಳಲಿಲ್ಲ.

ಸಾಹೇಬ ಬೆಳಿಗ್ಗೆಯೆಲ್ಲ ಬಿಸಿಲಲ್ಲಿ ಗುಮ್ಮಟ ಅಳೆದು, ಕೆಂಪು ಮೆಣಸಿನಕಾಯಿಯಂತಾಗಿ ಊಟದ ಹೊತ್ತಿಗೆ ಬಂದ. ಪಡಸಾಲೆಯ ತುಂಬ ಜನ. ಹೊರಗೆ ಕಟ್ಟೆಯ ಮೇಲೆ, ಗೋಡೆಯ ಮೇಲೆ ಜನ. ಕೇದಾರಿ ಮುಂದೆ ಬಂದು ಕೈಮುಗಿದು "ಬೊಂಜೂರ್" ಅಂದ. ಸಾಹೇಬನ ಕಣ್ಣು ಮಿನುಗಿದವು. ಅವನು ಕೇದಾರಿಯ ಎರಡೂ ಕೈ ಹಿಡಿದು ಉಸಿರು ಬಿಡದೆ ಮಾತಾಡತೊಡಗಿದ. ಎಷ್ಟೋ ದಿನದಿಂದ ತನ್ನ ಭಾಷೆ ಕೇಳದವನ ಮಾತು ಅದು. ಕೇದಾರಿ ಪ್ರತಿ ಮಾತಿಗೂ ತಲೆಯಾಡಿಸಿದ.

"ಏನಂತಾನ?" ಎಂದರು ಸಾಹೇಬನ ಜೊತೆಗೆ ಬಂದಿದ್ದ ಅಣ್ಣಾಸಾಹೇಬರು.

"ಬಿಸಲ ಭಾಳ ಐತಿ ಅಂತಾನ್ರಿ," ಅಂದ ಕೇದಾರಿ. ಸಾಹೇಬನ ಮುಖ ನೋಡಿದ ಯಾರಾದರೂ ಇಷ್ಟನ್ನು ಹೇಳಬಹುದಾಗಿತ್ತು.

"ಬೊಂಜೂರ್ ಅನ್ನೂದು ಒಂದ ಶಬ್ದ," ಎಂದು ರಾಜಪ್ಪ ಕಿವಿಯಲ್ಲಿ ಪಿಸುಗುಟ್ಟಿದ. "ಅದು ಮಾತಲ್ಲ. ನನಗ ಪೂರಾ ಮಾತ ಬೇಕು."

ಪೂರಾ ಮಾತೇನೋ ಇತ್ತು. ಆದರೆ ಅದನ್ನು ಉಂಡ ಮೇಲೆಯೇ ಆಡಬೇಕು, ಮೊದಲೇ ಆಡಿದರೆ ಆ ಮಂದಿಗೆ ಸಿಟ್ಟು ಬರುತ್ತದೆಂದು ಬೀರಸಿದ್ದಪ್ಪ ತಾಕೀತು ಮಾಡಿದ್ದ. ಕೇದಾರಿ ಕಾದ. ಲಕ್ಕವ್ವ ತಾನೇ ನಿಂತು ಬಡಿಸಿದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಸಾಹೇಬ ಸಾಕೆಂದು ಕೈ ಅಡ್ಡ ಹಿಡಿದರೆ ಕೈಮೇಲೆಯೇ ತುಪ್ಪ ಬಿತ್ತು. ಅವನು ಕೊನೆಗೆ ಬೆರಳು ನೆಕ್ಕಿದ್ದನ್ನು ಕಂಡು ಹೆಂಗಸರು ಸಂತೋಷಪಟ್ಟರು. ಕೈ ತೊಳೆದದ್ದಾಯಿತು, ಹಿತ್ತಾಳೆ ತಾಟಿನಲ್ಲಿ ಎಲೆಅಡಿಕೆ ಬಂದಿತು.

ಕೇದಾರಿ ಎದ್ದು ನಿಂತ. ಎಮ್ಮೆ ಕಟ್ಟಿದ ಅಂಗಳದ ಕಡೆಗೊಮ್ಮೆ ನೋಡಿದ. ಬಾಗಿಲ ಹಿಂದೆ ಯಮನವ್ವ ನಿಂತಿದ್ದಳು.

"ಲಾದಿಸ್ಯೋಂ, ಸಿಲ್ ವು ಪ್ಲೆ!"

ಸಾಹೇಬ ಬೆಚ್ಚಿಬಿದ್ದ. ಸುತ್ತಲೂ ನೋಡಿದ. ಸಾಲಾಗಿ ಕೂತ ಜನ, ಬಡಿಸುವವರು, ಒಳಗೆ ದೊಡ್ಡ ಒಲೆ. ಆಮೇಲೆ ಹಣೆ ಬಡಿದುಕೊಂಡು, ನಾಚಿ, ನಗುತ್ತ, ಜೇಬಿನಿಂದ ಚೀಲ ತೆಗೆದು ಐದು ರೂಪಾಯಿಯ ನೋಟನ್ನು ಎಲೆಅಡಿಕೆಯ ತಾಟಿನಲ್ಲಿಟ್ಟ. ಪಾಪ, ಇಷ್ಟು ಹೊತ್ತು ತಾನು ಯಾರದೋ ಮನೆಗೆ ಬಂದ ಅತಿಥಿ ಎಂದುಕೊಂಡಿದ್ದ. ಖಾನಾವಳಿಯೆಂದು ಈಗ ತಿಳಿಯಿತು.

"ತಿಳೀತು! ಅವಂಗ ತಿಳೀತು!" ಎಂದು ಕೇದಾರಿ ಕುಣಿಯುವುದರಲ್ಲಿದ್ದ. ಆದರೆ ಪಡಸಾಲೆಯಲ್ಲಿ ಎಲ್ಲರೂ ಲಕ್ಕವ್ವನನ್ನು ನೋಡುತ್ತಿದ್ದರು.

"ಇಂವ ರೊಕ್ಕಾ ಯಾಕ ಇಟ್ಟ?" ಎಂದಳು ಲಕ್ಕವ್ವ. "ನಾವೇನ ಅನ್ನಾ ಮಾರಾಕ ಕುಂತೇವೇನ? ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಈ ಮನ್ಯಾಗ ಉಂಡವರ ಕಡೆಯಿಂದ ಒಂದ ದುಡ್ಡ ಇಸ್ಕೊಂಡಿಲ್ಲ. ಅಳಿಯಂದ್ರ, ನೀವು ಅವಂಗ ಏನಂದ್ರಿ?"

"ತಿಂದದ್ದರ ಲೆಕ್ಕಾ ಹೇಳ್ರಿ ಅಂದೆ, ಅತ್ತಿ," ಎಂದ ಕೇದಾರಿ. ಸುಳ್ಳು ಹೇಳುವ ಶಕ್ತಿ ಆಗ ಅವನಲ್ಲಿ ಉಳಿದಿರಲಿಲ್ಲ.

"ರೊಕ್ಕಾ ತಿರುಗಿ ಕೊಡ್ರಿ!" ಎಂದು ರಾಜಪ್ಪ ಒದರಿದ.

ಕೇದಾರಿ ನೋಟನ್ನು ಎತ್ತಿ ಸಾಹೇಬನ ಕೈಯಲ್ಲಿಟ್ಟು, ನೀವೇ ಇಟ್ಟುಕೊಳ್ಳಿ ಎಂಬ ಅರ್ಥಕ್ಕೆ ತನ್ನಲ್ಲಿದ್ದುದರಲ್ಲಿ ಹತ್ತಿರದ ಮಾತನ್ನು ಹುಡುಕಿ ಆಡಿದ: "ಗಾರ್ದೆ ಲಾ ಮೊನೆ." ಚಿಲ್ಲರೆ ನೀವೇ ಇಟ್ಟುಕೊಳ್ಳಿ. ಸಾಹೇಬ ಗೊಂದಲಕ್ಕೆ ಬಿದ್ದ. ನಂತರ, ಹಳ್ಳಿಯ ಜನ ಕಾಗದದ ನೋಟು ನಂಬುವುದಿಲ್ಲವೆಂದು ಯಾರೋ ಹೇಳಿದ್ದು ಅವನಿಗೆ ನೆನಪಾಗಿರಬೇಕು. ನೋಟನ್ನು ಜೇಬಿಗೆ ಹಾಕಿ ಬೆಳ್ಳಿಯ ರೂಪಾಯಿಗಳನ್ನು ತೆಗೆದು, ಒಂದೊಂದಾಗಿ ಬಾರಿಸಿ ತೋರಿಸಿ, ತಾಟು ತುಂಬ ಇಟ್ಟ.

ರಾಜಪ್ಪ ಅದನ್ನೂ ಹಿಂದಿರುಗಿಸಲು ಹೋದರೆ ಅಣ್ಣಾಸಾಹೇಬರು ಅವನ ಕೈ ಹಿಡಿದರು. "ಸಾಹೇಬ ಇಟ್ಟದ್ದನ್ನ ಮತ್ತ ಮತ್ತ ಒಗದ್ರ ಅವಮಾನಾ ಮಾಡಿದಂಗ. ನಾಳೆ ಮ್ಯಾಲಿನವರು ಕೇಳಿದ್ರ ನನ್ನ ನೌಕರಿ ಹೋಗ್ತೈತಿ."

ಇತ್ತ ಮನೆತನದ ಹೆಸರು, ಅತ್ತ ಅಣ್ಣಾಸಾಹೇಬರ ನೌಕರಿ. ಲಕ್ಕವ್ವ ಚಾಣಾಕ್ಷೆ, ನಡುವಿನ ದಾರಿ ಹಿಡಿದಳು. "ಹಂಗಾರ ಇದು ಊಟದ ರೊಕ್ಕಲ್ಲ, ಮುಯ್ಯಿ. ಮನಿಗೆ ಬಂದವರು ಮುಯ್ಯಿ ಮಾಡ್ಯಾರ. ನಾವು ಹೆಚ್ಚಿಗಿ ತಿರುಗಿಸಿದ್ರ ಮುಗೀತು."

ಮದುವೆಯಲ್ಲಿ, ತೊಟ್ಟಿಲಲ್ಲಿ ಬಂದ ಮುಯ್ಯಿಗಿಂತ ಒಂದು ಕೈ ಹೆಚ್ಚಿನದನ್ನು ತಿರುಗಿ ಮಾಡದ ಮನೆಗೆ ಆ ಸೀಮೆಯಲ್ಲಿ ಹೆಸರಿಲ್ಲ. ಇದು ಎಲ್ಲರೂ ಒಪ್ಪುವ ಮಾತು. ಎಲ್ಲರ ಮುಖ ತಿಳಿಯಾಯಿತು. ಒಳಗಿಂದ ಹೊಸ ಶಾಲು ಬಂತು. ಲಕ್ಕವ್ವ ಅದನ್ನು ಸಾಹೇಬನ ಮುಂದೆ ಹಿಡಿದಳು.

"ಇದು ಉಡುಗೊರಿ, ಪುಕ್ಕಟ, ಅಂತ ಹೇಳ್ರಿ," ಎಂದು ಅಣ್ಣಾಸಾಹೇಬರು ದುಭಾಷಿಗೆ ಅಪ್ಪಣೆ ಮಾಡಿದರು.

ಪುಕ್ಕಟೆ ಎಂಬ ಮಾತನ್ನು ಬೀರಸಿದ್ದಪ್ಪ ಕಲಿಸಿರಲಿಲ್ಲ. ಫ್ರಾನ್ಸಿನಲ್ಲಿ ಅವನಿಗೆ ಯಾರೂ ಏನನ್ನೂ ಪುಕ್ಕಟೆ ಕೊಟ್ಟಿರಲಿಲ್ಲ. ಕೇದಾರಿ ಬೆವರೊರೆಸಿಕೊಂಡು, ಏನನ್ನೂ ಆಡದಿರುವುದಕ್ಕಿಂತ ಏನನ್ನಾದರೂ ಆಡುವುದು ಲೇಸೆಂದು "ಕೊಂಬ್ಯಾಂ?" ಅಂದ.

ಎಷ್ಟು ಎಂದು ಕೇಳಿದ ಮೇಲೆ ಸಾಹೇಬನಾದರೂ ಏನು ಮಾಡಬೇಕು? ಈ ಖಾನಾವಳಿಯವರು ಶಾಲನ್ನೂ ಮಾರುತ್ತಾರೆಂದು ತಿಳಿದು ಮತ್ತೆ ರೂಪಾಯಿ ಇಟ್ಟ. ಮುಯ್ಯಿ ಬೆಳೆಯಿತು. ಲಕ್ಕವ್ವ ಧೋತರದ ಜೋಡಿ ತರಿಸಿದಳು. "ಕೊಂಬ್ಯಾಂ?" ಸಾಹೇಬ ಮತ್ತೆ ಇಟ್ಟ. ಹಿತ್ತಾಳೆಯ ತಂಬಿಗೆ ಬಂತು, ಜೋಳದ ಚೀಲ ಬಂತು. ಬಂದ ಸಾಮಾನನ್ನೆಲ್ಲ ರಾಜಪ್ಪನ ಆಳುಗಳು ಮೋಟಾರಿಗೆ ಹೇರಿದರು. ಸಾಹೇಬ ಹಣ ಕೊಟ್ಟು ಬಿಡಿಸಿಕೊಳ್ಳಲು ನೋಡಿದಷ್ಟೂ ಲಕ್ಕವ್ವ ಹೆಚ್ಚಿಗೆ ಕೊಟ್ಟು ಬಿಡಿಸಿಕೊಳ್ಳಲು ನೋಡಿದಳು. ಇಬ್ಬರಿಗೂ ಮರ್ಯಾದೆ ದೊಡ್ಡದು. ಕಟ್ಟೆಯ ಮೇಲೆ ಕೂತಿದ್ದ ಸೋಮಪ್ಪನಿಗೆ ಇದು ಸಂತೆಯೆಂದೇ ಖಾತ್ರಿಯಾಗಿ, ಮನೆಗೆ ಓಡಿ, ಕಂಕುಳಲ್ಲಿ ಎರಡು ಕೋಳಿ ಇರುಕಿಕೊಂಡು ಬಂದು ಸಾಲಿನಲ್ಲಿ ನಿಂತ.

ಕೊನೆಗೆ ಲಕ್ಕವ್ವನ ಮನೆಯಲ್ಲಿ ಕೊಡುವಂಥದ್ದು ಏನೂ ತೋಚಲಿಲ್ಲ. ಅವಳ ಕಣ್ಣು ಅಂಗಳಕ್ಕೆ ಹೋಯಿತು.

"ಆ ಎಮ್ಮಿ ಬಿಚ್ಚರಿ."

"ಎವ್ವಾ!" ಎಂದ ರಾಜಪ್ಪ.

"ಅತ್ತಿ!" ಎಂದ ಕೇದಾರಿ.

"ಯಾಕ? ಅದು ಇಂವಂದೋ ಅಂವಂದೋ ಇನ್ನೂ ಗೊತ್ತಾಗಿಲ್ಲ ಅಂದ್ರಲ್ಲಾ? ನನ್ನ ಮನ್ಯಾಗ ಹುಟ್ಟಿದ್ದು. ನಾ ಕೊಡ್ತೀನಿ." ಲಕ್ಕವ್ವ ಹಗ್ಗವನ್ನು ತಂದು ಸಾಹೇಬನ ಕೈಯಲ್ಲಿಟ್ಟೇಬಿಟ್ಟಳು. ಎಮ್ಮೆ ಸಾಹೇಬನ ಕೋಟು ಮೂಸಿತು.

ಕೇದಾರಿಯ ಕಣ್ಣಿಗೆ ಎಮ್ಮೆ ಕೊಲ್ಲಾಪುರದ ದಾರಿ ಹಿಡಿಯುವುದು, ಯಮನವ್ವ ತವರಿನಲ್ಲಿ ಉಳಿಯುವುದು, ತಾನು ಖಾಲಿ ಗೋದಲೆಯ ಮುಂದೆ ಕೂರುವುದು, ಎಲ್ಲ ಒಮ್ಮೆಗೇ ಕಂಡವು. ಏನಾದರೂ ಮಾಡಿ ಇದನ್ನು ನಿಲ್ಲಿಸಬೇಕು. ಅವನ ಬತ್ತಳಿಕೆಯಲ್ಲಿ ಒಂದೇ ಮಾತು ಉಳಿದಿತ್ತು. ಅದನ್ನು ಗಂಟಲು ಹರಿಯುವಂತೆ ಕೂಗಿದ: "ಸೆ ತ್ರೋ ಶೇರ್! ಸೆ ತ್ರೋ ಶೇರ್!"

ಭಾಳ ತುಟ್ಟಿ! ಸಾಹೇಬನ ಮನಸ್ಸು ತುಂಬಿ ಬಂತು. ಈ ವಿಚಿತ್ರ ಅಂಗಡಿಯಲ್ಲಿ ಕೊನೆಗೂ ಒಬ್ಬ ತನ್ನ ಪರವಾಗಿ ಚೌಕಾಶಿ ಮಾಡುತ್ತಿದ್ದಾನೆ! ಅವನು ಕೇದಾರಿಯ ಬೆನ್ನು ತಟ್ಟಿ, ಹಣದ ಚೀಲವನ್ನು ಬೋರಲು ಮಾಡಿ ಖಾಲಿಯೆಂದು ತೋರಿಸಿ, ನಿಟ್ಟುಸಿರು ಬಿಟ್ಟು, ಕೈಗಡಿಯಾರ ಬಿಚ್ಚತೊಡಗಿದ. ಲಕ್ಕವ್ವ ಎಮ್ಮೆಯ ಕರುವಿನ ಕಡೆ ನೋಡಿದಳು.

ಕೇದಾರಿ ಮತ್ತೆ ಬಾಯಿ ತೆರೆದ. ತೆರೆದ ಬಾಯಿಗೆ ಅಂಗೈಯಷ್ಟು ದೊಡ್ಡ ಕರದಂಟು ಬಂದು ಬಿತ್ತು. ತುರುಕಿದವಳು ಯಮನವ್ವ.

"ಅಗೀರಿ," ಎಂದಳು. ಗೋಕಾಕದ ಕರದಂಟು, ಬೆಲ್ಲ ಅಂಟು ಸೇರಿದ್ದು. ಹಲ್ಲಿಗೆ ಹಲ್ಲು ಹತ್ತಿಕೊಂಡಿತು. ಪಡಸಾಲೆಯಲ್ಲಿ ಫ್ರೆಂಚ್ ನಿಂತಿತು.

ಯಮನವ್ವ ತಾಟಿನಲ್ಲಿದ್ದ ರೂಪಾಯಿಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು, ಸಾಹೇಬನ ಕೋಟಿನ ಜೇಬಿಗೆ ಹಾಕಿ, ಮೇಲೆ ಗುಂಡಿ ಹಚ್ಚಿದಳು. ಅವನ ಕೈಯಿಂದ ಎಮ್ಮೆಯ ಹಗ್ಗ ಬಿಡಿಸಿ ತನ್ನ ಮುಂಗೈಗೆ ಸುತ್ತಿಕೊಂಡಳು. ಒಳಗಿನ ಒಲೆಯನ್ನು ತೋರಿಸಿದಳು. ತಾಯಿಯ ಎದೆಯ ಮೇಲೆ ಕೈಯಿಟ್ಟಳು. ಆಮೇಲೆ ಒಂದು ಹೋಳಿಗೆ ತಂದು ಸಾಹೇಬನ ಅಂಗೈಯಲ್ಲಿಟ್ಟು, ಚಿಕ್ಕ ಮಕ್ಕಳಿಗೆ ಮಾಡುವಂತೆ ಅವನ ತಲೆ ಸವರಿ, ತಿನ್ನು ಎಂದು ಬಾಯಿಯ ಕಡೆ ಬೆರಳು ಮಾಡಿದಳು.

ಸಾಹೇಬ ಹೋಳಿಗೆಯನ್ನು ನೋಡಿದ. ಲಕ್ಕವ್ವನನ್ನು ನೋಡಿದ. ಅವನ ಮುಖ ಕೆಂಪಾಯಿತು, ಕಣ್ಣು ಒದ್ದೆಯಾದವು. ಮೆಲ್ಲಗೆ ಏನೋ ಅಂದು, ಬಗ್ಗಿ, ಲಕ್ಕವ್ವನಿಗೆ ಎರಡೂ ಕೈ ಜೋಡಿಸಿದ. ಏನಂದನೆಂದು ಹೇಳಬೇಕಾದ ದುಭಾಷಿಯ ಬಾಯಿ ಕಟ್ಟಿತ್ತು. ಹೇಳುವ ಅಗತ್ಯವೂ ಬೀಳಲಿಲ್ಲ. ಲಕ್ಕವ್ವ ಮೂಗು ಒರೆಸಿಕೊಂಡು "ಉಣ್ಣಪ್ಪಾ, ಸಮಾಧಾನದಿಂದ ಉಣ್ಣು" ಅಂದಳು. ಅವನು ಹೊಸ್ತಿಲ ಮೇಲೆ ಕೂತು ಹೋಳಿಗೆ ತಿಂದ. ಹೋಗುವಾಗ ಶಾಲನ್ನು ಮಾತ್ರ ಹೊದ್ದುಕೊಂಡ, ಉಳಿದದ್ದನ್ನು ಇಳಿಸಿ ಹೋದ. ಸೋಮಪ್ಪ ಕೋಳಿಗಳೊಡನೆ ಮನೆಗೆ ನಡೆದ.

ಮೋಟಾರಿನ ಧೂಳು ಅಡಗುವ ಮೊದಲೇ ಪಣದ ಮಾತು ಬಂತು. ಅಣ್ಣಾಸಾಹೇಬರು ಚಾಳೀಸು ಸರಿಮಾಡಿಕೊಂಡು ತೀರ್ಪು ಕೊಟ್ಟರು: "ಕೇದಾರಿ ಮಾತಾಡಿದ್ದು 'ಲೆಕ್ಕಾ ಹೇಳ್ರಿ' ಅಂತ. ಸಾಹೇಬ ರೊಕ್ಕಾ ಇಟ್ಟ. ತಿಳೀದ ಇಡ್ತಿದ್ದನೇನ? ರುಮಾಲ ಕೇದಾರೀದು."

"ಅದ್ಹೆಂಗ್ರಿ?" ಎಂದು ರಾಜಪ್ಪ ರುಮಾಲನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಸಾಹೇಬಂಗ ತಿಳಿದದ್ದೆಲ್ಲಾ ತಪ್ಪ ತಿಳೀತು. ತಪ್ಪ ತಿಳಿದದ್ದು ತಿಳಿದಂಗಲ್ಲ. ಎಮ್ಮಿ ನಂದು!"

ಕೇದಾರಿ ದವಡೆ ಆಡಿಸುತ್ತ ಕೈಯಿಂದಲೇ ವಾದ ಮಾಡಿದ. ಸೇರಿದ್ದ ಮಂದಿ ಎರಡು ಪಕ್ಷವಾದರು. ಆಗ ಅಂಗಳದಲ್ಲಿ ಗೆಜ್ಜೆಸರದ ಸಪ್ಪಳ ಕೇಳಿಸಿತು. ಯಮನವ್ವ ಎಮ್ಮೆ ಹಿಡಿದು ಆಗಲೇ ಬಂಡಿ ನಿಲ್ಲಿಸಿದ್ದ ಅಂಗಳದ ಬಾಗಿಲಿನ ಹತ್ತಿರ ಮುಟ್ಟಿದ್ದಳು.

"ಅಕ್ಕಾ, ಎಲ್ಲಿಗೆ? ಇನ್ನೂ ನ್ಯಾಯ ಆಗಿಲ್ಲ!" ಎಂದು ರಾಜಪ್ಪ ಕೂಗಿದ.

"ನೀವು ಕುಂತ ಮಾಡ್ಕೋರಿ," ಎಂದಳು ಯಮನವ್ವ. "ಎಮ್ಮಿ ಸಾಕಿದಾಕಿ ನಾ. ಪಣಾ ಕಟ್ಟೂ ಮುಂದ ನೀ ನನ್ನ ಕೇಳಿದೇನ? ಇವರು ಕೇಳಿದ್ರೇನ? ಸಾಹೇಬನ ಕೈಯಾಗ ಹಗ್ಗಾ ಕೊಡೂ ಮುಂದ ಅವ್ವಾದ್ರೂ ಕೇಳಿದ್ಲೇನ? ಕೇಳದ ಕಟ್ಟಿದ ಪಣದಾಗ ಗೆದ್ದಾಂವ ಯಾಂವ, ಸೋತಾಂವ ಯಾಂವ?"

ಅಣ್ಣಾಸಾಹೇಬರು ತಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಇಂಥ ತಕರಾರನ್ನು ಕೇಳಿರಲಿಲ್ಲ. ಚಾಳೀಸು ತೆಗೆದು ಒರೆಸತೊಡಗಿದರು. ಲಕ್ಕವ್ವ ತಲೆ ತಗ್ಗಿಸಿಕೊಂಡು ಒಳಗೆ ಹೋಗಿ, ದಾರಿಗೆಂದು ಬುತ್ತಿ ಕಟ್ಟಿ ತಂದು ಮಗಳ ಕೈಯಲ್ಲಿಟ್ಟಳು.

ಕೇದಾರಿ ಹೆಂಡತಿಯ ಹಿಂದೆ ಓಡಿದ. ಅಷ್ಟು ಹೊತ್ತಿಗೆ ಅವನ ಬಾಯಿ ಬಿಟ್ಟಿತ್ತು. ತಪ್ಪಾಯಿತು ಎನ್ನಬೇಕೆಂದು ಖಂಡಿತ ಮನಸ್ಸಿತ್ತು. ಆದರೆ ಯಾವ ಭಾಷೆಯಲ್ಲಿ ಶುರು ಮಾಡುತ್ತಿದ್ದನೋ ಹೇಳಲಾಗದು. ಅವನ ತುಟಿ ಅಲುಗಿದ್ದನ್ನು ಕಂಡು ಯಮನವ್ವ ಸೆರಗಿನ ಗಂಟಿಗೆ ಕೈ ಹಾಕಿ ಇನ್ನೊಂದು ಕರದಂಟು ತೆಗೆದಳು. ಕೇದಾರಿ ತಾನಾಗಿಯೇ ಬಾಯಿ ಮುಚ್ಚಿ, ಕರುವಿನ ಕಣ್ಣಿ ಹಿಡಿದುಕೊಂಡು ಹಿಂದೆ ನಡೆದ.